ಜೊತೆಯವಳ ಸೀಟು

ರೋಜಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅಕ್ಟೋಬರ್‌ನ ಎರಡನೆಯ ಶನಿವಾರ, ವೆಂಬ್ಲಿಯ ಈಲಿಂಗ್ ರೋಡಿನ ತರಕಾರಿ ಅಂಗಡಿಯಲ್ಲಿ, ಅಲಸಂಡೆ ಆರಿಸುತ್ತ ನಿಂತಿದ್ದಾಗ. ಹಿಂದಿನಿಂದ ಯಾರೋ "ಆಂಟೀ" ಎಂದರು. ತಿರುಗಿದರೆ ಮೀರಾ. ಅಕ್ಸ್‌ಬ್ರಿಡ್ಜ್‌ನ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸ ಮಾಡುವ, ಇನ್ನೂ ನಲವತ್ತು ತುಂಬದ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಹೆಣ್ಣು. ಕನ್ನಡ ಸಂಘದ ಊಟದಲ್ಲಿ ಎರಡು ಮೂರು ಸಲ ಕಂಡ ಮುಖ. ಕೈಯಲ್ಲೊಂದು ಹೊಸ ಹಳದಿ ರೇನ್‌ಕೋಟು.

"ಗುರುದೇವಿ ಆಂಟಿ ಈ ಸಲ ನನ್ನನ್ನ ಹರಿಕೇನ್ ನೋಡೋಕೆ ಕರ್ಕೊಂಡು ಹೋಗ್ತಿದಾರೆ, ಗೊತ್ತಾಯ್ತಾ? ಜೊತೆಯವರ ಜಾಗಕ್ಕೆ ನನ್ನ ಹೆಸರು ಹಾಕಿದಾರಂತೆ. ಕೋಟು ಇಂಥದ್ದು ಸಾಕಲ್ವಾ? ನೀವು ಎಷ್ಟೊಂದ್ಸಲ ಹೋಗಿ ಬಂದವರು, ಅದಕ್ಕೇ ಕೇಳ್ದೆ."

"ಸಾಕು, ಸಾಕು. ಒಳ್ಳೆದುಂಟು" ಎಂದಳು ರೋಜಿ. ಆರಿಸಿದ ಅಲಸಂಡೆಯನ್ನು ಅಲ್ಲೇ ಬಿಟ್ಟು ಟ್ಯೂಬ್ ರೈಲು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಆ ಹಳದಿ ಕೋಟು ಒಂದೇ.

ಈ ಉರಿ ಯಾಕೆಂದು ತಿಳಿಯಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. ರೋಜಿ ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು, ಈಗ ಐವತ್ತೇಳು, ಫೆಲ್ಥಮ್‌ನ ಒಂದು ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ ದಿನವೂ ಇನ್ನೂರು ಮಕ್ಕಳಿಗೆ ಬಟಾಟೆ ಬೇಯಿಸುವವಳು. ಗುರುದೇವಿ ಧಾರವಾಡದ ಲಿಂಗಾಯತರ ಮಗಳು, ಹೀಥ್ರೂನಲ್ಲಿ ಒಂದು ವಿಮಾನ ಕಂಪನಿಯ ಚೆಕ್‌ಇನ್ ಕೌಂಟರಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡವಳು. ಆಗ ಅವಳು ರೋಜಿಯ ಪಕ್ಕದ ಮನೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಅಟ್ಲಾಂಟಿಕ್‌ನ ಯಾವುದೋ ಚಂಡಮಾರುತ ಸುಸ್ತಾಗಿ ಇಂಗ್ಲೆಂಡಿನ ಮೇಲೆ ಹಾದುಹೋಯಿತು. ಹಿತ್ತಿಲ ನಡುವಿನ ಮರದ ಬೇಲಿ ಬುಡಸಮೇತ ಎದ್ದಿತು. ಆ ಕಡೆಯಿಂದ ಒಬ್ಬಳು, ಈ ಕಡೆಯಿಂದ ಒಬ್ಬಳು ಓಡಿ ಬಂದು ಹಿಡಿದುಕೊಂಡರು.

"ಅವ್ವಾ, ಹಾರಿ ಹೋಗ್ತೈತಲ್ಲೋ!" ಎಂದು ಆ ಕಡೆಯವಳು ಕೂಗಿದಳು.

"ಅಯ್ಯೋ ದೇವರೇ, ನೀವು ಕನ್ನಡದವರಾ?" ಎಂದು ಈ ಕಡೆಯವಳು ಕೂಗಿದಳು.

ಬೇಲಿ ಹೋಯಿತು, ಸ್ನೇಹ ಉಳಿಯಿತು. ವಾರದೊಳಗೆ ಗುರುದೇವಿ ಫೋನಿನಲ್ಲಿ ನಕ್ಷೆ ಹಿಡಿದುಕೊಂಡು ಬಂದಳು. "ರೋಜಿ, ನಮ್ಮ ಬೇಲಿ ಕಿತ್ತದ್ದು ಬರೇ ಬಾಲ ಅಂತ. ತಲಿ ಅಲ್ಲೆ ಸಮುದ್ರದಾಗ ಇತ್ತಂತ. ಬರೂ ವರ್ಷ ಹೋಗಿ ತಲೀನ ನೋಡೂಣೇನು?"

ನಗಬೇಡಿ, ಹೋದರು. ವಿಮಾನ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಒಂದು ಸವಲತ್ತು ಉಂಟು: ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಇವರು ಹೆಚ್ಚುಕಡಿಮೆ ಬಿಟ್ಟಿಯಾಗಿ ಹತ್ತಬಹುದು. ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಆ ಒಬ್ಬರ ಹೆಸರನ್ನು ನವೆಂಬರಿನಲ್ಲಿ ಫಾರ್ಮಿನಲ್ಲಿ ತುಂಬಬೇಕು. ಆಮೇಲೆ ವರ್ಷವಿಡೀ ಬದಲಾಯಿಸುವಂತಿಲ್ಲ. ಬಿರುಗಾಳಿ ಬರುತ್ತದೆಂದರೆ ಜನ ಅಲ್ಲಿಂದ ಓಡುತ್ತಾರೆಯೇ ಹೊರತು ಅಲ್ಲಿಗೆ ಓಡುವುದಿಲ್ಲ, ಹಾಗಾಗಿ ಇವರಿಗೆ ಸೀಟಿನ ಬರ ಬರಲೇ ಇಲ್ಲ. ರೋಜಿಯ ಶಾಲೆಗೆ ರಜೆ ಅಕ್ಟೋಬರ್ ಕೊನೆಯ ವಾರ ಮಾತ್ರ, ಆದ್ದರಿಂದ ಇವರ ಪಾಲಿಗೆ ಬಂದದ್ದೆಲ್ಲ ಋತು ಮುಗಿಯುವ ಹೊತ್ತಿನ ಚಂಡಮಾರುತಗಳು. ಐದು ವರ್ಷ ಹೋದರು. ಎರಡು ಸಲ ಗಾಳಿ ಬೇರೆ ದಿಕ್ಕಿಗೆ ತಿರುಗಿ ಕೈಕೊಟ್ಟಿತು. ಮೂರು ಸಲ ಸಿಕ್ಕಿತು, ಅದರಲ್ಲೂ ಎರಡು ಸಲ ಬರ್ಮುಡಾ ದ್ವೀಪದಲ್ಲಿ.

ಗಾಳಿ ಎಂದರೆ ಬೀಸುವುದು ಎಂದುಕೊಂಡಿದ್ದಳು ರೋಜಿ. ಇದು ಬೀಸುವುದಲ್ಲ, ಎದೆಗೆ ಕೈಕೊಟ್ಟು ತಳ್ಳುವುದು. ಬಾಯಿ ತೆರೆದರೆ ಮಾತು ತುಟಿ ದಾಟುವ ಮೊದಲೇ ಕಸಿದುಕೊಂಡು ಹೋಗುತ್ತದೆ. ಸಮುದ್ರದ ಉಪ್ಪು ಹಲ್ಲಿನ ಸಂದಿಗೂ ನುಗ್ಗುತ್ತದೆ. ಕಲ್ಲಿನ ಗೆಸ್ಟ್‌ಹೌಸಿನ ಗೋಡೆಯ ಮರೆಯಿಂದ ಗುರುದೇವಿ ನಾಲ್ಕು ಹೆಜ್ಜೆ ಹೊರಗೆ ಬಂದು, ಗಾಳಿ ಅಳೆಯುವ ಪುಟ್ಟ ಯಂತ್ರವನ್ನು ಎತ್ತಿ ಹಿಡಿಯುತ್ತಾಳೆ. ರೋಜಿ ಅವಳ ಸೊಂಟವನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದು, ಗಂಟೆಗೆ ಎಷ್ಟು ಮೈಲಿ ಎಂದು ಓದಿ ಕೂಗುತ್ತಾಳೆ. "ಐವತ್ತೆಂಟು! ಅರವತ್ತಮೂರು!" ಅಷ್ಟೇ ಅವಳ ಕೆಲಸ. ನಿಜ ಹೇಳಬೇಕೆಂದರೆ ಅವಳಿಗೆ ಗಾಳಿ ಅಂಥ ಪ್ರಾಣವೇನಲ್ಲ. ತಾನು ಕೈಬಿಟ್ಟರೆ ಗುರುದೇವಿ ನಿಲ್ಲಲಾರಳು ಎಂಬುದಿದೆಯಲ್ಲ, ಪ್ರಾಣ ಅದು. ಆ ಜಾಗಕ್ಕೆ ಈಗ ಮೀರಾ ಬರುತ್ತಾಳಂತೆ, ಹಳದಿ ಕೋಟು ಹಾಕಿಕೊಂಡು!

ಮನೆಗೆ ಬಂದು ಗಂಡ ರೋಬರ್ಟನ ಮುಂದೆ ಗೋಳು ತೋಡಿಕೊಂಡಳು. ಅವನು ಟಿವಿಯಿಂದ ಕಣ್ಣು ತೆಗೆಯದೆ, ನೀನೇ ಬೇಡ ಅಂದದ್ದಲ್ಲವಾ ಎಂದ. ರೋಜಿಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಮಾತು ನಿಜವಾಗಿತ್ತು.

ಹೋದ ನವೆಂಬರಿನಲ್ಲಿ ಗುರುದೇವಿ ಇದೇ ಅಡುಗೆಕೋಣೆಯಲ್ಲಿ ಕುಳಿತು, "ಹೆಸರ ಹಾಕ್ಲೇನು?" ಎಂದು ಕೇಳಿದ್ದಳು. ಅದರ ಹಿಂದಿನ ದಿನ ರಾಜ್ಯೋತ್ಸವದ ಊಟದಲ್ಲಿ ಗುರುದೇವಿ ಇಡೀ ಒಂದು ಗಂಟೆ ಈ ಮೀರಾಳೊಂದಿಗೆ ಗಾಳಿಯ ಸುದ್ದಿ ಹೊಡೆಯುತ್ತ ಕುಳಿತದ್ದನ್ನು ರೋಜಿ ಎದುರು ಮೇಜಿನಿಂದ ನೋಡಿದ್ದಳು. ಮುಖ ಊದಿಸಿಕೊಂಡೇ ಇದ್ದಳು. "ಬೇಡ ಮಾರಾಯ್ತಿ. ನಂಗೆ ಮೊಣಕಾಲು ಆಗುದಿಲ್ಲ. ನಿಂಗೆ ಬೇರೆಯವರು ಇದ್ದಾರಲ್ಲ, ಕರ್ಕೊಂಡು ಹೋಗು" ಎಂದಳು. ನಮ್ಮ ಕಡೆ ಇಂಥ ಬೇಡಕ್ಕೆ ಏನು ಅರ್ಥವೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಎಲೆಯ ಮುಂದೆ ಕುಳಿತವರು ಎರಡು ಸಲ ಬೇಡ ಎನ್ನಬೇಕು, ಬಡಿಸುವವರು ಮೂರನೆಯ ಸಲ ಒತ್ತಾಯ ಮಾಡಬೇಕು. ಗುರುದೇವಿ ಪ್ರತಿ ವರ್ಷ ಹಾಗೆ ಒತ್ತಾಯ ಮಾಡಿಯೇ ಹೆಸರು ಹಾಕಿದವಳು. ಅವತ್ತು ಮಾತ್ರ "ಆತು ಬಿಡು" ಎಂದಳು, ಚಹಾ ಕುಡಿದಳು, ಎದ್ದು ಹೋದಳು. ಇಂದು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ರೋಜಿ ತಿಂಗಳೆಲ್ಲ ಕಾದಳು. ಬರಲಿಲ್ಲ.

ಅಕ್ಟೋಬರ್ ಕೊನೆಯ ವಾರ ಬಂತು. ಬರ್ಮುಡಾದ ಕಡೆಗೆ ಚಂಡಮಾರುತವೊಂದು ಹೊರಟಿತು. ಗುರುವಾರ ಬೆಳಿಗ್ಗೆ ಹೊಸ ಬೇಲಿಯ ಮೇಲಿಂದ ಗುರುದೇವಿಯೇ ಸುದ್ದಿ ಹೇಳಿದಳು. "ಈ ಸಲ ವಿಮಾನ ತುಂಬೇತಿ ರೋಜಿ. ದ್ವೀಪದ ಮಂದಿ ಎಲ್ಲಾ ಮನಿ ಕಿಡಕಿ ಭದ್ರ ಮಾಡಾಕ ಓಡಾಕತ್ತಾರ. ನಾಳೆ ಮಧ್ಯಾಹ್ನದ್ದ ಕಡೀ ವಿಮಾನ. ಎರಡ ಸೀಟು ಉಳದಾವ. ನಾ, ಮೀರಾ, ಬರೊಬ್ಬರಿ ಎರಡು."

ರೋಜಿ ಒಳಗೆ ಹೋದಳು, ಕುರ್ಚಿ ಎಳೆದುಕೊಂಡು ಕುಳಿತಳು. ಗೇಟಿನ ಮುಂದೆ ಐದು ವರ್ಷ ಕಾದು ಕುಳಿತವಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ದುಡ್ಡು ಕೊಟ್ಟವರಿಗೆ ಮೊದಲ ಸೀಟು. ಎರಡರಲ್ಲಿ ಒಂದನ್ನು ತಾನು ಕೊಂಡರೆ ಉಳಿಯುವುದು ಒಂದೇ. ಆ ಒಂದಕ್ಕೆ ಕಂಪನಿಯವರು ಮೊದಲು ಕರೆಯುವುದು ತಮ್ಮ ಕೆಲಸದವಳನ್ನು, ಜೊತೆಯವಳನ್ನಲ್ಲ. ದುಡ್ಡು ಕೊಟ್ಟು ಟಿಕೆಟ್ಟು ತೆಗೆದೇಬಿಟ್ಟಳು. ಮಾಡುತ್ತಿರುವುದು ಹೊಲಸು ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿಯೇ ಗೊತ್ತಿತ್ತು.

ಮರುದಿನ ಗೇಟಿನಲ್ಲಿ ಅವಳನ್ನು ಕಂಡ ಗುರುದೇವಿ ಹುಬ್ಬು ಗಂಟಿಕ್ಕಿದಳು. "ನೀ ಇಲ್ಲೇನ್ ಮಾಡಾಕತ್ತಿ?"

"ನಂಗೂ ಹೋಗ್ಲಿಕ್ಕೆ ಉಂಟು. ಟಿಕೆಟ್ ತಕೊಂಡಿದ್ದೇನೆ. ಯಾಕೆ, ಹೋಗ್ಬಾರ್ದಾ?"

ಗುರುದೇವಿ ಅವಳ ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನು ನೋಡಿದಳು, ಮುಖವನ್ನು ನೋಡಿದಳು. ಮೀರಾ ಮಾತ್ರ, "ಅಯ್ಯೋ, ಆಂಟೀನೂ ಬರ್ತಿದಾರೆ, ಎಷ್ಟು ಚೆನ್ನಾಗಾಯ್ತು!" ಎಂದು ಖುಷಿಪಟ್ಟಳು. ಉಳಿದವರೆಲ್ಲ ಹತ್ತಿದ ಮೇಲೆ ಗೇಟಿನ ಹುಡುಗಿ ಬಂದು, ಒಂದೇ ಸೀಟು ಉಳಿದಿದೆ, ಇನ್ನೈದು ನಿಮಿಷದಲ್ಲಿ ಬಾಗಿಲು ಹಾಕುತ್ತೇವೆ ಎಂದಳು. ಗುರುದೇವಿ ಮೀರಾಳ ಕಡೆ ತಿರುಗಿದಳು.

ಮೀರಾಳ ಕೆನ್ನೆಯ ಗುಳಿ ಮಾಯವಾಯಿತು. "ಬೇಡ ಆಂಟಿ, ನೀವಿಬ್ರೂ ಹೋಗ್ಬನ್ನಿ. ನಂದೇನು, ಇನ್ನೊಂದ್ಸಲ ನೋಡ್ಕೊಂಡ್ರಾಯ್ತು" ಎಂದಳು. ಹಾಗೆನ್ನುತ್ತ ಆ ಹಳದಿ ಕೋಟಿನ ಗುಂಡಿಯನ್ನು ತಿರುಗಿಸುತ್ತಲೇ ಇದ್ದಳು, ಬಿಚ್ಚಲಿಲ್ಲ.

ಅದು ಎಂಥ ಬೇಡವೆಂದು ರೋಜಿಗೆ ಗೊತ್ತಾಗದೆ ಇರುತ್ತದೆಯೇ! ಒಂದೇ ಒಂದು ಮಾತು ಸಾಕಿತ್ತು: ಇಲ್ಲ ಮಗಾ, ನೀನು ಹೋಗು, ನಾನು ನಿಲ್ತೇನೆ. ಅವಳು ನಿಂತರೆ ಅವಳ ಸೀಟು ಖಾಲಿಯಾಗುತ್ತಿತ್ತು, ಇಬ್ಬರೂ ಹೋಗುತ್ತಿದ್ದರು. ನಾಲಿಗೆ ಏಳಲಿಲ್ಲ. ಐದು ನಿಮಿಷ ಕಳೆಯಿತು. ಗುರುದೇವಿ ಚೀಲ ಹೆಗಲಿಗೇರಿಸಿಕೊಂಡು, "ಆತು ಹಂಗಾರ, ಮೀರಾ. ಬರ್ತೀವಿ" ಎಂದಳು. ರೋಜಿ ಅವಳ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ.

ಮರುದಿನ ಹತ್ತು ಗಂಟೆಗೇ ದ್ವೀಪದಲ್ಲಿ ಕರೆಂಟು ಹೋಯಿತು. ವಿಮಾನ ನಿಲ್ದಾಣ ಮುಚ್ಚಿತು. ಗೆಸ್ಟ್‌ಹೌಸಿನ ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದರು. ಹೊರಗೆ ಗಾಳಿ ಏರುತ್ತಿತ್ತು. ಒಳಗೆ ಇಬ್ಬರೂ ಮೇಣದಬತ್ತಿ ಹಚ್ಚಿಕೊಂಡು ಅವಲಕ್ಕಿ ತಿನ್ನುತ್ತಿದ್ದರು. ಗುರುದೇವಿ ವಿಮಾನದಲ್ಲೂ ಹೆಚ್ಚು ಮಾತಾಡಿರಲಿಲ್ಲ. ರೋಜಿಯೇ ಮಾತು ತೆಗೆದಳು.

"ಮೀರಾ ಪಾಪ, ತಾನೇ ಬೇಡ ಅಂದ್ಲು ನೋಡು. ಅವಳಿಗೆ ಅಷ್ಟೇನೂ ಮನಸ್ಸಿರ್ಲಿಲ್ಲ ಅಂತ ಕಾಣ್ತದೆ."

"ಸುಳ್ಳ ಹೇಳಬ್ಯಾಡ. ಆಕಿಗೆ ಬರೂದಿತ್ತು. ನಿನಗ ಗೊತ್ತಿತ್ತು."

ರೋಜಿ ತಟ್ಟೆ ಕೆಳಗಿಟ್ಟಳು. "ಗೊತ್ತಿತ್ತು."

"ನನಗೂ ಗೊತ್ತಿತ್ತು. ಬ್ಯಾಡ ಅಂದಾಗ ಯಾವುದು ಖರೇ, ಯಾವುದು ಸುಳ್ಳು ಅಂತ ನನಗೇನು ತಿಳಿಯೂದಿಲ್ಲೇನು? ಇಬ್ರೂ ಕೂಡೇ ಆ ಹುಡುಗೀನ ಬಿಟ್ಟು ಬಂದ್ವಿ."

ಆಗ ರೋಜಿಗೆ ಹೊಳೆಯಿತು. "ಹಾಗಾದ್ರೆ ಹೋದ ವರ್ಷ... ನಮ್ಮ ಅಡುಗೆಕೋಣೆಯಲ್ಲಿ ನಾನು ಬೇಡ ಅಂದದ್ದು?"

"ಅದೂ ಗೊತ್ತಿತ್ತು."

"ಗೊತ್ತಿದ್ದೂ ಆತು ಅಂದ್ಯಾ?"

"ಅಂದೆ." ಗುರುದೇವಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ರೋಜಿಗೆ ಹೆಚ್ಚು ನೋವಾದದ್ದು. "ವರ್ಷಾ ವರ್ಷಾ ನಿನ್ನ ರಮಿಸಿ ರಮಿಸಿ ಸಾಕಾಗಿತ್ತು ನನಗ. ಯಾರ ಜೋಡಿ ಎರಡು ಮಾತಾಡಿದ್ರೂ ನಿನ್ನ ಮಾರಿ ಊದತಿತ್ತು. ಒಂದು ವರ್ಷಾರೆ ಹಗುರಾಗಿ ಹೋಗಿ ಬರೂಣು ಅನ್ನಿಸ್ತು. ಅದಕ್ಕೂ ನೀ ಬಿಡಲಿಲ್ಲ."

ಫೆಲ್ಥಮ್‌ನಲ್ಲಾಗಿದ್ದರೆ ರೋಜಿ ಎದ್ದು ಹೋಗಿ ತನ್ನ ಮನೆಯ ಬಾಗಿಲು ಹಾಕಿಕೊಂಡು ತಿಂಗಳು ಮಾತು ಬಿಡುತ್ತಿದ್ದಳು. ಇಲ್ಲಿ ಎಲ್ಲಿಗೆ ಹೋಗುವುದು? ಅಳು ಬಂತು. ಅತ್ತಳು. ಗುರುದೇವಿ ಸಮಾಧಾನ ಮಾಡಲಿಲ್ಲ, ಎದ್ದು ಕೋಟು ಹಾಕಿಕೊಂಡಳು, ಯಂತ್ರವನ್ನು ಕೈಗೆತ್ತಿಕೊಂಡಳು.

"ಮುಂದಿನ ತಿಂಗಳು ಫಾರ್ಮಿನಾಗ ಮೀರಾನ ಹೆಸರ ಮತ್ತ ಹಾಕಾಕಿ ನಾನು. ಈ ಸಲ ಆಕಿಗೆ ಮೋಸ ಆಗೇತಿ" ಎಂದಳು. ಬಾಗಿಲ ಚಿಲಕಕ್ಕೆ ಕೈ ಹಾಕಿ ನಿಂತು, "ನಾ ಹೊರಗ ಹೊಂಟೆ. ಬರ್ತಿಯೇನು?" ಎಂದು ಕೇಳಿದಳು.

"ಬರ್ತೇನೆ" ಎಂದಳು ರೋಜಿ, ಮೂಗು ಒರೆಸಿಕೊಳ್ಳುವ ಮೊದಲೇ.

ಗೋಡೆಯ ಮರೆ ದಾಟಿದ್ದೇ ಗಾಳಿ ಇಬ್ಬರನ್ನೂ ಹಿಂದಕ್ಕೆ ನೂಕಿತು. ರೋಜಿ ಗುರುದೇವಿಯ ಸೊಂಟವನ್ನು ಬಾಚಿ ತಬ್ಬಿ, ಕಾಲೂರಿ ನಿಂತಳು. ಕಣ್ಣಿಗೆ ಉಪ್ಪುನೀರು ರಾಚಿ ಅಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಓದಿ ಕೂಗಿದಳು. ಮುಂದಿನ ಅಕ್ಟೋಬರಿನಲ್ಲಿ ಇಲ್ಲಿ ಹೀಗೆ ಹಿಡಿದುಕೊಂಡು ನಿಲ್ಲುವವಳು ಮೀರಾ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತಿತ್ತು. ಗುರುದೇವಿ ಸಾಕು, ಒಳಗೆ ಹೋಗೋಣ ಎಂದು ಎರಡು ಸಲ ಕೈ ಮಾಡಿ ತೋರಿಸಿದಳು. ರೋಜಿ ಬಿಡಲಿಲ್ಲ.