ಕೇಳುವ ಗೋಡೆ

ಬೇಸಿಗೆಯ ಮಧ್ಯಾಹ್ನ ನಮ್ಮ ಸಂಶಿಯ ಓಣಿಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಎಲ್ಲರೂ ಬಾಗಿಲು ಮುಚ್ಚಿಕೊಂಡು ಒಳಗೆ ಅಡ್ಡಾಗಿರುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ರಜೆಯಲ್ಲಿ ಬಿಟ್ಟರೆ ಬರೆಯಲು ಪುರುಸೊತ್ತು ಸಿಗುವುದಿಲ್ಲ. ಆ ವರ್ಷ ನಮ್ಮ ಅವ್ವನ ಬಗ್ಗೆ, ನಾವು ಬೆಳೆದ ಶಲವಡಿಯ ಮನೆಯ ಬಗ್ಗೆ ನೆನಪಾದದ್ದನ್ನೆಲ್ಲ ನಡುಮನೆಯ ಕಂಪ್ಯೂಟರಿನಲ್ಲಿ ಬರೆಯತೊಡಗಿದ್ದೆ. ನಮ್ಮವರು ತಾಲೂಕು ಕಚೇರಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ತಲೆಯ ಮೇಲೆ ಫ್ಯಾನು ತಿರುಗುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇರುತ್ತಿರಲಿಲ್ಲ.

ಆ ಕಂಪ್ಯೂಟರನ್ನು ಕೊಡಿಸಿದವನು, ಅದರಲ್ಲಿ ಕನ್ನಡ ಬರೆಯುವುದನ್ನು ಕಲಿಸಿದವನು ನಮ್ಮಣ್ಣ. ಅವನು ಶಲವಡಿಯಲ್ಲಿಯೇ ಇದ್ದು ಅಣ್ಣಿಗೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ನನ್ನ ಕೆಲಸ ಎಲ್ಲಿಯಾದರೂ ಸಿಕ್ಕಿಕೊಂಡರೆ ಅವನಿಗೆ ಫೋನು ಮಾಡುತ್ತಿದ್ದೆ. "ಕೈ ತಗೀ, ನಾ ನೋಡ್ತೀನಿ" ಅನ್ನುತ್ತಿದ್ದ. ಅಷ್ಟರಲ್ಲಿ ನನ್ನ ಪರದೆಯ ಮೇಲಿನ ಬಾಣದ ಗುರುತು ತಾನೇ ಹರಿದಾಡಲು ಶುರುಮಾಡುತ್ತಿತ್ತು. ತನ್ನ ಮನೆಯಲ್ಲಿ ಕೂತು ನನ್ನ ಕಂಪ್ಯೂಟರ್ ನಡೆಸುವ ಒಂದು ಪ್ರೋಗ್ರಾಮನ್ನು ಅವನು ಹಾಕಿಕೊಟ್ಟಿದ್ದ. ಅವನಿಗೊಂದು ಚಾಳಿಯಿತ್ತು. ಯಾವುದನ್ನೇ ಒತ್ತುವ ಮೊದಲು ಬಾಣವನ್ನು ಅದರ ಸುತ್ತ ನಿಧಾನವಾಗಿ ಸುತ್ತಿಸುತ್ತಿದ್ದ. "ಏನ್ ಆರತಿ ಮಾಡಾಕತ್ತೀಯೇನಣ್ಣಾ?" ಎಂದು ನಾನು ನಗುತ್ತಿದ್ದೆ.

ಅವನು ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವನು ಬಸ್ ನಿಲ್ದಾಣದಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ವಯಸ್ಸಾಗಿರಲಿಲ್ಲ. ಆ ಪ್ರೋಗ್ರಾಮು ನನಗೆ ಮರೆತೇಹೋಯಿತು. ಅವನ ಜೊತೆಗೇ ಅದೂ ಹೋಯಿತು ಎಂದುಕೊಂಡಿದ್ದೆನೋ ಏನೋ.

ಅಣ್ಣ ಹೋಗಿ ವರ್ಷ ತುಂಬಿದ ಮೇಲಿನ ಬೇಸಿಗೆ ಅದು. ಅವ್ವ ರೊಟ್ಟಿ ಬಡಿಯುವಾಗ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದುದನ್ನು ಬರೆಯುತ್ತಿದ್ದೆ. ಮುಂದಿನ ಸಾಲು ಹೊಳೆಯದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಣ ಅಲುಗಿತು. ಟೇಬಲ್ಲು ಅಲುಗಾಡಿರಬೇಕು ಎಂದುಕೊಂಡೆ. ಅದು ಮೆಲ್ಲಗೆ ಮೇಲೆ ಹೋಯಿತು, ನಾನು ಬರೆದ 'ಅವ್ವ' ಎಂಬ ಶಬ್ದದ ಹತ್ತಿರ ನಿಂತಿತು, ಅದರ ಸುತ್ತ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ಆಮೇಲೆ ಸುಮ್ಮನಾಯಿತು.

ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಆ ದಿನ ಮತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ.

ಸಂಜೆ ನಮ್ಮವರಿಗೆ ಹೇಳಿದಾಗ "ಮೌಸ್ ಕೆಟ್ಟಿರಬೇಕು ತಗೋ" ಅಂದರು. ಹೊಸ ಮೌಸ್ ತಂದು ಹಾಕಿದೆವು. ಅದಾದ ಮೇಲೂ ಬಾಣ ಅಲುಗುತ್ತಿತ್ತು. ದಿನಾ ಅಲ್ಲ, ಆದರೆ ಬಂದಾಗಲೆಲ್ಲ ಬರುತ್ತಿದ್ದುದು ಊಟದ ನಂತರ, ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ. ಏನನ್ನೂ ಕೆಡಿಸುತ್ತಿರಲಿಲ್ಲ, ಏನನ್ನೂ ತೆರೆಯುತ್ತಿರಲಿಲ್ಲ. ನಾನು ಬರೆದ ಸಾಲುಗಳ ಕೆಳಗೆ ಓದುವವರ ಬೆರಳಿನ ಹಾಗೆ ಹೋಗುತ್ತಿತ್ತು. ನಡುನಡುವೆ ಒಂದು ಶಬ್ದದ ಸುತ್ತ ಸುತ್ತುತ್ತಿತ್ತು. ಕಂಪ್ಯೂಟರಿನ ನೆತ್ತಿಯ ಮೇಲೆ ಸಣ್ಣ ಕ್ಯಾಮೆರಾ ಇತ್ತು. ನನಗೆ ಅದರ ಮೇಲೆ ಸಂಶಯ ಬಂದು, ಹಣೆಯ ಟಿಕಳಿಯನ್ನೇ ಕಿತ್ತು ಅದರ ಮೇಲೆ ಅಂಟಿಸಿದೆ. ಅಂಟಿಸಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕಾಣತೊಡಗಿತು. ಎದುರಿಗೆ ಯಾರೋ ಕುಂಕುಮ ಹಚ್ಚಿಕೊಂಡು ನನ್ನನ್ನೇ ನೋಡುತ್ತಾ ಕೂತ ಹಾಗೆ.

ಒಂದು ದಿನ ಧೈರ್ಯ ಮಾಡಿ, ಬಾಣ ಓಡಾಡುತ್ತಿದ್ದಾಗಲೇ, ಹೊಸ ಸಾಲಿನಲ್ಲಿ 'ಯಾರು?' ಎಂದು ಬರೆದೆ.

ಬಾಣ ನಿಂತುಬಿಟ್ಟಿತು. ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಮೆಲ್ಲನೆ ಬಂದು 'ಯಾರು' ಎಂಬುದರ ಸುತ್ತ ಸುತ್ತಿತು. ಒಮ್ಮೆಯಲ್ಲ, ಸುತ್ತುತ್ತಲೇ ಇತ್ತು. ನಾನು ಟೇಬಲ್ಲಿನ ಕೆಳಗೆ ಬಗ್ಗಿ ಪ್ಲಗ್ಗನ್ನೇ ಕಿತ್ತೆ. ಕತ್ತಲಾದ ಪರದೆಯಲ್ಲಿ ನನ್ನ ಮುಖ, ಹಿಂದೆ ಅರ್ಧ ತೆರೆದ ಬಾಗಿಲು ಕಂಡವು. ಬಾಗಿಲನ್ನು ನಾನು ಪೂರ್ತಿ ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ.

ಮರುದಿನ ಶನಿವಾರ. ನಮ್ಮವರನ್ನು ಕರೆದುಕೊಂಡು ಪೇಟೆಯಲ್ಲಿರುವ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರಿಗೆ ಬಾಣ ಶಬ್ದಗಳ ಸುತ್ತ ಸುತ್ತುತ್ತದೆ ಎಂದು ಹೇಳಲು ನಾಚಿಕೆಯಾಗಿ, "ಯಾರೋ ಹೊರಗಿಂದ ಒಳಗ ಬರಾಕತ್ತಾರ ಅನ್ನಸ್ತೈತ್ರಿ" ಎಂದಷ್ಟೇ ಹೇಳಿದೆ.

"ವೈರಸ್ ಬ್ಯಾರೆ, ಇದು ಬ್ಯಾರೆರಿ ಅಕ್ಕೋರ. ಇದಕ್ಕ ಫೈರ್‌ವಾಲ್ ಬೇಕು," ಎಂದರು ಅವರು. "ಮನಿಗೆ ಗ್ವಾಡಿ ಇದ್ದಂಗ. ಯಾರ್ ಬರಬೇಕು, ಯಾರ್ ಹೋಗಬೇಕು ಅಂತ ಅದು ನೋಡ್ತೈತಿ."

ಅವರು ಮೂರು ಬಗೆ ಹೇಳಿದರು. ಕಂಪ್ಯೂಟರಿನ ಜೊತೆಗೇ ಬಂದದ್ದು ಒಂದು, ಅದು ಈಗಲೂ ಇದೆ, ಆದರೆ ನಾವೇ ಒಮ್ಮೆ ಒಳಗೆ ಬಿಟ್ಟುಕೊಂಡವರನ್ನು ಅದು ಮತ್ತೆ ತಡೆಯುವುದಿಲ್ಲ. ಎರಡನೆಯದು ವೈರಸ್ ತೆಗೆಯುವುದರ ಜೊತೆ ಡಬ್ಬಿಯಲ್ಲಿ ಬರುವುದು, ಎಲ್ಲವನ್ನೂ ತಾನೇ ತೀರ್ಮಾನಿಸುತ್ತದೆ, ನಮಗೆ ಏನೂ ಹೇಳುವುದಿಲ್ಲ. ಮೂರನೆಯದು ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದಕ್ಕೂ ನಮ್ಮನ್ನು ಕೇಳುತ್ತದೆ.

"ಮೂರನೇದು ಭಾಳ ಕಾಡ್ತೈತ್ರಿ," ಎಂದರು ಅಂಗಡಿಯವರು. "ಇಂಥಾದು ಬಂದೈತಿ, ಬಿಡ್ಲೋ ಬ್ಯಾಡೋ, ಅಂತ ಕೇಳಿಕೋತ ಕೂಡ್ತೈತಿ. ಮಂದಿ ಬ್ಯಾಸತ್ತು ತಗದು ಒಗೀತಾರ."

ನಮ್ಮವರಿಗೆ ಎರಡನೆಯದು ಹಿಡಿಸಿತ್ತು. "ಅದ ತಾನ ಬಂದ್ ಮಾಡಿದ್ರ ಮುಗೀತಲ್ಲ. ನಿನಗ್ಯಾಕ ಗೊತ್ತಾಗಬೇಕು?"

"ನನಗ ಗೊತ್ತಾಗಬೇಕ್ರಿ," ಎಂದೆ. ತಿಳಿಯದೆ ತಡೆಯುವುದು ನನಗೆ ಬೇಕಿರಲಿಲ್ಲ. ಬಂದದ್ದು ಏನು ಎಂದು ನೋಡದೆ ಬಾಗಿಲು ಹಾಕಿದರೆ, ಹಾಕಿದ ಬಾಗಿಲಿನ ಆಚೆ ಅದು ನಿಂತೇ ಇರುತ್ತದೆ ಎನಿಸುತ್ತಿತ್ತು. ಮೂರನೆಯದನ್ನೇ ಆರಿಸಿದೆ.

ಸೋಮವಾರ ಅಂಗಡಿಯವರು ಮನೆಗೆ ಬಂದು ಹಾಕಿಕೊಟ್ಟರು. ಅಲ್ಲಿಯವರೆಗೆ ಪ್ಲಗ್ಗು ಕಿತ್ತೇ ಇತ್ತು. ಗೋಡೆ ಎದ್ದದ್ದೇ ತಡ, ಪರದೆಯ ಮೂಲೆಯಲ್ಲಿ ಸಣ್ಣ ಚೌಕಗಳು ಏಳತೊಡಗಿದವು. ಗಡಿಯಾರ ಸರಿಪಡಿಸುವುದು, ಪ್ರಿಂಟರಿನದು, ಹೆಸರೇ ತಿಳಿಯದ ಏನೇನೋ. ನಮ್ಮ ಸುಮ್ಮನಿರುವ ನಡುಮನೆಯಿಂದ ಇಷ್ಟೆಲ್ಲ ಹೊರಗೆ ಹೋಗಿ ಬರುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಊಟ ಮಾಡಿ ಬಂದು ಕೂತೆ. ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು ಚೌಕ ಎದ್ದಿತು. ಹೊರಗಿನ ಒಂದು ಕಂಪ್ಯೂಟರ್ ಒಳಗೆ ಬರಲು ಕೇಳುತ್ತಿದೆ, ಬಿಡಬೇಕೇ? ಅದರ ಕೆಳಗೆ ಆ ಕಂಪ್ಯೂಟರಿನ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ: ಶಲವಡಿ.

ನಮ್ಮೂರು ಬಂದು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದಂತಿತ್ತು. ಅಣ್ಣ ತನ್ನ ಲ್ಯಾಪ್‌ಟಾಪಿಗೆ ಇಟ್ಟ ಹೆಸರು ಅದು. 'ಬೇಡ' ಎಂಬುದನ್ನು ಒತ್ತಿದೆ. ಚೌಕ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು.

ಆ ರೀತಿ ಕೇಳುವವರು ಯಾರೇ ಆಗಿರಲಿ, ಕೇಳುತ್ತಿರುವುದು ಶಲವಡಿಯ ಮನೆಯಿಂದ. ಅಲ್ಲಿರುವವರು ಅಣ್ಣನ ಹೆಂಡತಿ, ನಮ್ಮ ವೈನಿ. ಅಣ್ಣ ಹೋದ ಮೇಲೆ ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಜಂಪರು ಹೊಲಿಯುತ್ತಾರೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಾಳೆ. ವೈನಿ ಅಣ್ಣನ ಲ್ಯಾಪ್‌ಟಾಪ್ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಫೋನಿನಲ್ಲಿ ಕೇಳುವ ವಿಷಯ ಅಲ್ಲ ಅನಿಸಿತು. ಎರಡು ದಿನ ಬಿಟ್ಟು, ನಮ್ಮವರು ರಜೆ ಹಾಕಿದ್ದ ದಿನ, ಕಂಪ್ಯೂಟರ್ ಚಾಲೂ ಇಟ್ಟು, ಚೌಕ ಎದ್ದರೆ 'ಬಿಡು' ಎಂಬುದನ್ನು ಒತ್ತಿರಿ ಎಂದು ಅವರಿಗೆ ಹೇಳಿ, ಹುಬ್ಬಳ್ಳಿಗೆ ಹೋಗಿ ಅಣ್ಣಿಗೇರಿಯ ಬಸ್ಸು ಹಿಡಿದೆ.

ವೈನಿ ನನ್ನನ್ನು ಕಂಡು ಖುಷಿಪಟ್ಟರು. ಊಟಕ್ಕಿಟ್ಟರು. ಮುಖ ಇಳಿದಿತ್ತು, ಕಣ್ಣು ಮಾತ್ರ ಬೆಳಗುತ್ತಿದ್ದವು. ನಾನು ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅವರು ಸೆರಗಿಗೆ ಕೈ ಒರೆಸಿಕೊಂಡು, "ಬಾ ಒಳಗ. ನಿನಗೊಂದು ತೋರಸ್ತೀನಿ. ಯಾರ ಮುಂದೂ ಹೇಳಿಲ್ಲ ನಾ," ಎಂದರು.

ಒಳಕೋಣೆಯಲ್ಲಿ ಅಣ್ಣನ ಮೇಜು ಹಾಗೆಯೇ ಇತ್ತು. ಕಿಟಕಿ ಮುಚ್ಚಿತ್ತು. ವೈನಿ ಲ್ಯಾಪ್‌ಟಾಪ್ ತೆರೆದು, ಕಲಿತ ಕೈಯಿಂದ ಒಂದು ಚಿತ್ರದ ಸುತ್ತ ಬಾಣವನ್ನು ಸುತ್ತಿಸಿ ಒತ್ತಿದರು. ಅಣ್ಣ ಮಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ ನೋಡಿ ಅಷ್ಟನ್ನು ಕಲಿತಿದ್ದರಂತೆ.

"ನಾಕೈದು ದಿವ್ಸದಿಂದ ಬರವಲ್ರು," ಎಂದರು. "ಏನ್ ಸಿಟ್ಟಾದ್ರೋ ಅಂತ ಜೀವ ಹೊಡಕೊಳ್ಳಾಕತ್ತಿತ್ತು."

"ಯಾರು ಬರವಲ್ರು ವೈನಿ?"

"ನಿಮ್ಮಣ್ಣ."

ಪರದೆ ಬೆಳಗಿತು. ಅದರೊಳಗೆ ನನ್ನ ಮನೆಯ ಪರದೆ ಇತ್ತು. ನನ್ನ ಬರಹ, ಎಲ್ಲಿ ಬಿಟ್ಟಿದ್ದೆನೋ ಅಲ್ಲಿ. ಬೇರೊಬ್ಬರ ಮನೆಯ ಕಿಟಕಿಯಿಂದ ನನ್ನದೇ ಖಾಲಿ ಕುರ್ಚಿಯನ್ನು ನೋಡಿದ ಹಾಗಾಯಿತು. ಅಷ್ಟರಲ್ಲಿ ಬಾಣ ತಾನೇ ಅಲುಗಿತು. ವೈನಿಯ ಕೈ ಮೇಜಿನ ಮೇಲಿರಲಿಲ್ಲ, ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

"ನೋಡು, ಬಂದ್ರು," ಎಂದರು ಪಿಸುದನಿಯಲ್ಲಿ.

ಅದು ಸಂಶಿಯಲ್ಲಿ ಕೂತ ನಮ್ಮವರ ಕೈ ಎಂದು ನನಗೆ ಗೊತ್ತಿತ್ತು. ಚೌಕಕ್ಕೆ 'ಬಿಡು' ಎಂದು ಒತ್ತಿ, ಏನಾಗುತ್ತದೆ ನೋಡೋಣ ಎಂದು ಮೌಸ್ ಆಡಿಸುತ್ತಿದ್ದರು. ಗೊತ್ತಿದ್ದೂ, ಆ ಕೋಣೆಯಲ್ಲಿ, ವೈನಿಯ ಉಸಿರು ನನ್ನ ಭುಜಕ್ಕೆ ತಾಗುತ್ತಿರುವಾಗ, ಅದು ನಮ್ಮವರ ಕೈ ಎನಿಸಲೇ ಇಲ್ಲ.

ಹೇಳಲೇಬೇಕಾಯಿತು. ಅಣ್ಣ ಹಾಕಿಕೊಟ್ಟ ಪ್ರೋಗ್ರಾಮಿನ ಬಗ್ಗೆ, ಈ ಪರದೆ ಯಾರದು ಎಂಬ ಬಗ್ಗೆ, ಬರೆಯುತ್ತಿದ್ದವಳು ನಾನು ಎಂಬ ಬಗ್ಗೆ ಹೇಳಿದೆ. ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮುಂದೆ ಹೇಳಲಾಗುವುದಿಲ್ಲ ಎಂದು. ವೈನಿ ಪರದೆಯನ್ನೇ ನೋಡುತ್ತಾ ಕೇಳಿದರು.

ಅವರ ಕಡೆಯಿಂದ ನೋಡಿದರೆ ಬೇರೇನು ತಿಳಿಯಲು ಸಾಧ್ಯವಿತ್ತು? ತೀರಿಹೋದ ಗಂಡನ ಲ್ಯಾಪ್‌ಟಾಪಿನಲ್ಲಿ, ಯಾರೂ ಮುಟ್ಟದೆ, ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ನಮ್ಮವ್ವ ಹೀಗೆ ಮಾಡುತ್ತಿದ್ದಳು, ನಾನು ಹಿತ್ತಲಿಗೆ ಓಡಿದೆ, ನಾನು ಅತ್ತೆ ಎಂದು. ಕನ್ನಡದಲ್ಲಿ 'ನಾನು ಬಂದೆ' ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮನೆ ಅದೇ, ಅವ್ವ ಅವಳೇ. ನಾನು ಅತ್ತ ಬಾಣಕ್ಕೆ ಹೆದರಿ ಕೂತಿದ್ದಾಗ, ಇತ್ತ ಇವರು ಅಕ್ಷರಗಳಿಗೆ ಕೈಮುಗಿದು ಕೂತಿದ್ದರು.

"ನನಗೂ ಒಳಗೊಳಗ ಗೊತ್ತಿತ್ತು ಅನ್ನಸ್ತೈತಿ," ಎಂದರು ವೈನಿ. "ಅವ್ರು ಬರದ್ರ ಒತ್ತಕ್ಷರ ತಪ್ಪತಿದ್ವು. ಇದ್ರಾಗ ಒಂದೂ ತಪ್ಪು ಇರ್ತಿರಲಿಲ್ಲ. ಹೋದಲ್ಲಿ ಕಲ್ತಾರೇನೋ ಅಂದ್ಕೊಂಡೆ."

ನಾನು ಅತ್ತೆ. ಅವರು ಅಳಲಿಲ್ಲ. ಲ್ಯಾಪ್‌ಟಾಪನ್ನು ಮುಚ್ಚಿ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, "ಇನ್ನ ನಿನ್ನ ಕಡಿಯಿಂದ ಬಂದ್ ಮಾಡಿಬಿಡು ಯವ್ವಾ. ಗೊತ್ತಾದ ಮ್ಯಾಲೆ ಬ್ಯಾಡ," ಎಂದರು.

ಸಂಜೆ ನನ್ನನ್ನು ಕಳಿಸಲು ಬಸ್ ನಿಲ್ದಾಣದವರೆಗೆ ಬಂದರು. ಬಸ್ಸು ತಡವಾಗಿತ್ತು. ಕಟ್ಟೆಯ ಮೇಲೆ ಕೂತಾಗ, ಯಾವುದೋ ಸಾಮಾನ್ಯ ಮಾತು ಹೇಳುವವರ ಹಾಗೆ ಹೇಳಿದರು.

"ಒಂದ್ ದಿವ್ಸ ನೀ 'ಯಾರು' ಅಂತ ಬರದಿದ್ದೆಲ್ಲ, ಆ ದಿವ್ಸ ನನಗ ಭಾಳ ಸಂಕಟ ಆತು. ನನ್ನ ಗುರ್ತ ಮರತ್ರಲ್ಲ ಅಂತ. ನನಗ ಟೈಪ್ ಮಾಡಾಕ ಬರಂಗಿಲ್ಲ, ಏನಂತ ಹೇಳ್ಲಿ? ಆ ದಿವ್ಸ ಊಟ ಸೇರಲಿಲ್ಲ. ಮರುದಿವ್ಸ ನೀ ನನ್ನ ಹೆಸರು ಬರದಿ ನೋಡು, ಆಗ ಸಮಾಧಾನ ಆತು."

"ನಿಮ್ಮ ಹೆಸರಾ?"

"ಹೂಂ. ಬರೇ ಹೆಸರು. ಬ್ಯಾರೆ ಏನೂ ಇರಲಿಲ್ಲ."

ಬಸ್ಸು ಬಂತು. ನಾನು ಹತ್ತಿದೆ. ನಾನು ಬರೆಯುವಾಗ ಯಾರ ಹೆಸರನ್ನೂ ಹಾಕುವುದಿಲ್ಲ. ಅಷ್ಟೇ ಅಲ್ಲ, 'ಯಾರು' ಎಂದು ಬರೆದ ಮರುದಿನ ನಾವಿಬ್ಬರೂ ಪೇಟೆಯ ಅಂಗಡಿಯಲ್ಲಿದ್ದೆವು, ಮನೆಗೆ ಬೀಗ ಹಾಕಿತ್ತು, ನನ್ನ ಕಂಪ್ಯೂಟರಿನ ಪ್ಲಗ್ಗು ಗೋಡೆಯಲ್ಲಿರಲಿಲ್ಲ. ದಾರಿಯುದ್ದಕ್ಕೂ ಕಪ್ಪು ಎರಿಮಣ್ಣಿನ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು, ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು, ನನಗೆ ಮಾತ್ರ ಚಳಿ ಹತ್ತಿದಂತಾಗಿ ಸೆರಗು ಹೊದ್ದುಕೊಂಡು ಕೂತೆ.

ನಮ್ಮವರಿಗೆ ಹೇಳಿದೆ. "ಕನಸು ಬಿದ್ದಿರಬೇಕು ಅವ್ರಿಗೆ. ಇಲ್ಲಾ, ದಿವ್ಸ ಹಿಂದ ಮುಂದ ಮಾಡಿಕೊಂಡಾರ," ಎಂದರು. ಇರಬಹುದು. ಆದರೆ ಯಾವ ದಿನವಾದರೂ ಆ ಹೆಸರನ್ನು ನಾನು ಬರೆದಿಲ್ಲ. ಬರೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದೆ, ಹುಡುಕಿಸಿದೆ. ಎಲ್ಲಿಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣನ ಪ್ರೋಗ್ರಾಮನ್ನು ತೆಗೆದುಹಾಕಿದೆವು. ಗೋಡೆಗೂ ಹೇಳಿದೆ, ಶಲವಡಿ ಎಂಬ ಕಂಪ್ಯೂಟರ್ ಕೇಳಿದರೆ ಇನ್ನು ನನ್ನನ್ನು ಕೇಳಬೇಡ, ಬಿಡಲೂ ಬೇಡ ಎಂದು. ಹಾಗೆ ಹೇಳುವಾಗ ಬೆರಳು ಬಹಳ ಹೊತ್ತು ಗುಂಡಿಯ ಮೇಲೆಯೇ ನಿಂತಿತ್ತು.

ಆ ಬರಹ ಈಗಲೂ ನಡೆದಿದೆ. ವೈನಿ ಹೊಲಿಗೆ ಬಿಟ್ಟು ಏಳುವ ಹೊತ್ತಿಗೆ ಫೋನು ಮಾಡಿ "ಇವತ್ತೇನು ಬರದಿ?" ಎನ್ನುತ್ತಾರೆ. ನಾನು ಓದಿ ಹೇಳುತ್ತೇನೆ. ಅಲ್ಲಲ್ಲಿ ತಡೆದು, ಅತ್ತಿ ಹಂಗಂದಿರಲಿಲ್ಲ, ಹಿಂಗಂದಿದ್ರು ಎಂದು ತಿದ್ದುತ್ತಾರೆ. ಹೆಸರಿನ ಮಾತನ್ನು ಅವರು ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ.