ಬೇವಿನ ಗಿಡದ ಈಚೆ, ಆಚೆ

ನನ್ನದು ಸಂಶಯದ ಸ್ವಭಾವ. ಅಂಗಡಿಯವನು ತೂಗಿ ಕೊಟ್ಟದ್ದನ್ನು ಮನೆಗೆ ಬಂದು ಮತ್ತೆ ತೂಗುತ್ತೇನೆ. ಶಾಲೆಯಲ್ಲಿ ಮಕ್ಕಳು ಹೊಟ್ಟೆನೋವು ಎಂದರೆ ಮೊದಲು ನಾಲಿಗೆ ತೋರಿಸು ಎನ್ನುತ್ತೇನೆ. "ನೀ ದೇವ್ರ ಪ್ರಸಾದಾನೂ ಮೂಸಿ ನೋಡಿ ತಿಂತಿ" ಎಂದು ಅಪ್ಪ ನಗುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಸಾಲೋಟಗಿ ಹತ್ತಿರದ ಹೊಲ ಒಬ್ಬಳೇ ಮಗಳಾದ ನನಗೆ ಬಂತು. ನಾನಿರುವುದು ಮುದ್ದೇಬಿಹಾಳದಲ್ಲಿ. ಹೊಲವನ್ನು ಪಾಲಿಗೆ ಹಾಕಿದ್ದರೂ ಎಳ್ಳಮಾವಾಸ್ಯೆಗೆ ಮಾತ್ರ ತಪ್ಪದೆ ಹೋಗುತ್ತೇನೆ. ಬಾಗೇವಾಡಿ, ವಿಜಯಪುರ, ಇಂಡಿ ಎಂದು ಬಸ್ಸು ಬದಲಿಸುತ್ತ, ತೊಡೆಯ ಮೇಲೆ ಕಡುಬಿನ ಡಬ್ಬಿ ಇಟ್ಟುಕೊಂಡು. ಮಾಡಿದ ಅಡುಗೆಯನ್ನೆಲ್ಲ ಕಲಸಿ ಜೋಳದ ಪೈರಿಗೆ ಚರಗ ಚೆಲ್ಲಬೇಕು, ಆಮೇಲೆ ಬೇವಿನ ಗಿಡದ ಕೆಳಗೆ ಊಟ. ಪಕ್ಕದ ಹೊಲದ ಮನೆಯವರನ್ನೂ ಕರೆದು ಕೂರಿಸುವುದು ಅಪ್ಪ ಹಾಕಿದ ಪದ್ಧತಿ.

ಈ ಸಲ ಉಂಡು ಕೈ ತೊಳೆಯುವಾಗ ಎರಡು ಹೊಲಗಳ ನಡುವಿನ ಬದು ನಮ್ಮ ಕಡೆಗೆ ಬಾಗಿದಂತೆ ಕಂಡಿತು. ಪಕ್ಕದ ಹೊಲದವನು ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಇದ್ದವರ ಮೇಲೆ ನನಗೆ ಮೊದಲೇ ಅನುಮಾನ.

"ಬದು ಸರದಂಗ ಕಾಣಸ್ತೈತಲ್ಲ" ಎಂದೆ.

ಅವನು ಬಾಯಲ್ಲಿದ್ದ ತುತ್ತು ನುಂಗಿ, "ಹೌದೇನ್ರಿ" ಎಂದ. ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಪಳಗಿದ ಕೈ ಎಂದುಕೊಂಡೆ. ಮರುದಿನವೇ ಇಂಡಿಗೆ ಹೋಗಿ ಅಳತೆಗೆ ಅರ್ಜಿ ಕೊಟ್ಟು ಬಂದೆ.

ಅಳೆಯುವವರಿಗೆ ತೋರಿಸಲು ಪುರಾವೆ ಬೇಕಲ್ಲ. ಪ್ರತಿ ಎಳ್ಳಮಾವಾಸ್ಯೆಗೆ ಆ ಗಿಡದ ಕೆಳಗೆ ಒಂದು ಫೋಟೋ ತೆಗೆಸುವುದು ಅಪ್ಪನ ಹುಚ್ಚು. ಮೊದಮೊದಲು ಇಂಡಿಯಿಂದ ಸ್ಟುಡಿಯೋದವನನ್ನು ಕರೆಸುತ್ತಿದ್ದ, ಆಮೇಲೆ ಫೋನಿನಲ್ಲಿ ತೆಗೆಸಿ ಅಚ್ಚು ಹಾಕಿಸುತ್ತಿದ್ದ. ಟ್ರಂಕು ತೆಗೆದು ಅವನ್ನೆಲ್ಲ ಹಾಸಿಗೆಯ ಮೇಲೆ ವರ್ಷದ ಪ್ರಕಾರ ಹರಡಿದೆ. ಕಳ್ಳ ಸಿಕ್ಕೇ ಸಿಗುತ್ತಾನೆ ಎಂದು ಒಳಗೊಳಗೇ ಖುಷಿ.

ತೀರ ಹಳೆಯ ಫೋಟೋದಲ್ಲಿ ಬೇವು ಬದುವಿನ ಆಚೆ, ಅವರ ಹೊಲದಲ್ಲಿತ್ತು. ನಡುವಿನ ವರ್ಷಗಳಲ್ಲಿ ಬದುವಿನ ಮೇಲೆಯೇ ನಿಂತಿತ್ತು. ಅಪ್ಪ ಕೊನೆಯ ಸಲ ಕುಳಿತ ಫೋಟೋದಲ್ಲಿ ನಮ್ಮ ಜೋಳದೊಳಗೆ ಬಂದಿತ್ತು. ಗಿಡ ನಡೆಯುವುದಿಲ್ಲ. ಬದು ಸರಿದದ್ದು ನಿಜ, ಆದರೆ ಅವರ ಕಡೆಗೆ. ಅಷ್ಟೂ ವರ್ಷ ನಮ್ಮ ಹೊಲದಲ್ಲಿ ನೇಗಿಲು ಹಿಡಿದವನು ಅಪ್ಪ ಒಬ್ಬನೇ.

ಫೋಟೋ ಉಲ್ಟಾ ಅಚ್ಚಾಗಿರಬಹುದು ಎಂದು ಬೆಳಕಿಗೆ ಹಿಡಿದು ನೋಡಿದೆ. ಅಪ್ಪ ಬಲಗೈಯಲ್ಲೇ ಬಡಿಸುತ್ತಿದ್ದ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಅವನದೇ ಫೋನು ಬಂತು.

"ಅಕ್ಕಾರ, ಅಳತಿಗೆ ಅರ್ಜಿ ಕೊಟ್ಟೀರಂತ. ಚಲೋ ಆತು ಬಿಡ್ರಿ. ಮತ್ತ ಇನ್ನೊಂದು ಕೇಳೂದಿತ್ತು. ನಿಮ್ಮಲ್ಲೆ ಎಳ್ಳಮಾಸಿ ಫೋಟೋ ಅದಾವಲ್ರಿ, ಅದ್ರಾಗ ನಮ್ಮವ್ವ ಇರಬೇಕು. ಅಕಿದು ನಮ್ಮ ಮನ್ಯಾಗ ಒಂದೂ ಫೋಟೋ ಇಲ್ಲ."

ಅಳತೆಯ ಮಾತಿನ ಬೆನ್ನಿಗೇ ಫೋಟೋ! ಅವ್ವನ ನೆಪ ಮಾಡಿ ಪುರಾವೆ ಕೇಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಅವಳ ಮುಖ ಕಾಣುತ್ತಿದ್ದದ್ದು ಆ ತೀರ ಹಳೆಯ ಫೋಟೋ ಒಂದರಲ್ಲಿ ಮಾತ್ರ, ಬೇವಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಅದನ್ನು ಫೋನಿನಲ್ಲಿ ತೆಗೆದುಕೊಂಡು ಬದು ಕತ್ತರಿಸಿದೆ, ಗಿಡ ಕತ್ತರಿಸಿದೆ, ಬರೀ ಮುಖ ಉಳಿಸಿ ಕಳಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದ ಬೆರಳುಗಳೇ ಆ ಕೆಲಸ ಮಾಡಿದವು. ನಾಚಿಕೆಯಾಯಿತು, ಆದರೂ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನಿಗೆ ಅವನ ಧ್ವನಿ ಸಂದೇಶ ಬಂತು. "ಮುಖ ಚಲೋ ಬಂದೈತ್ರಿ. ಗಿಡ ಬಿಟ್ಟೀರಲ್ಲ. ನಾ ಹುಟ್ಟಿದ ವರ್ಷ ಅವ್ವ ತನ್ನ ಕೈಯಾರೆ ಹಚ್ಚಿದ ಗಿಡರಿ ಅದು."

ಕೂಡಲೇ ಫೋನು ಮಾಡಿದೆ. "ಅಂದ್ರ ನಿನಗ ಮೊದ್ಲಿಂದ ಗೊತ್ತಿತ್ತು. ಅಪ್ಪ ಇದ್ದಾಗ ಯಾಕ ಕೇಳಲಿಲ್ಲ?"

"ಹೆಂಗ ಕೇಳೂದ್ರಿ? ವರ್ಷಾ ಕರದು, ಎಲಿ ಹಾಕಿ, ಬ್ಯಾಡಂದ್ರೂ ಕಡುಬು ನೀಡತಿದ್ರು. ಅವ್ರ ಅನ್ನ ಉಂಡು ಬದುವಿನ ಮಾತು ತಗಿಯಾಕ ನಮ್ಮವ್ವ ಬಿಡಲಿಲ್ಲ."

ಅರ್ಜಿಯನ್ನು ವಾಪಸು ಪಡೆಯಲಿಲ್ಲ. ಪೂರ್ತಿ ಫೋಟೋವನ್ನು ಅವನಿಗೆ ಕಳಿಸಿದೆ. ಕಳಿಸುವ ಮೊದಲು ಅದನ್ನು ದೊಡ್ಡದು ಮಾಡಿ ಅಪ್ಪನನ್ನೇ ನೋಡಿದೆ. ಬಗ್ಗಿ, ನಗುನಗುತ್ತ, ಆ ಹೆಂಗಸಿನ ಎಲೆಗೆ ಕಡುಬು ಹಾಕುತ್ತಿದ್ದಾನೆ. ಪ್ರೀತಿಯಿಂದ ಬಡಿಸುತ್ತಿದ್ದನೋ, ಅವಳ ಬಾಯಿ ಆಗಲೇ ಕಟ್ಟುತ್ತಿದ್ದನೋ, ಎಷ್ಟು ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ.