ಕಪಾಟಿನ ಆಚೆಯ ನಗು

ಮಾಳಿಂಗಪ್ಪ ಮಾಸ್ತರರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನಮ್ಮ ಹಳೆಯ ವಿದ್ಯಾರ್ಥಿಗಳು ಗಂಟು ಬಿದ್ದಿದ್ದಾರೆ. ಬರೆಯುತ್ತೇನೆ, ಅದಕ್ಕೇನು! ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನ ಮೇಲೆ ನನಗೆ ಹತ್ತೊಂಬತ್ತು ವರ್ಷ ಹೊಟ್ಟೆಕಿಚ್ಚಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಕಿಚ್ಚು ಇನ್ನೂ ಆರಿಲ್ಲ.

ನಾನು ರುಕ್ಮವ್ವ. ಮನಗೂಳಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಗೆ ಗಣಿತ ಕಲಿಸುತ್ತಿದ್ದೆ. ಮಕ್ಕಳಿಗೆ ನಾನು ಅಕ್ಕೋರು. ಮಾಳಿಂಗಪ್ಪ ಇತಿಹಾಸದವರು, ಅಗರಖೇಡದಲ್ಲಿ ಅಪ್ಪನ ಜೊತೆ ಕುರಿ ಕಾಯುತ್ತಲೇ ಓದಿ ಮಾಸ್ತರರಾದವರು. ಶಾಲೆಯಲ್ಲಿ ಕೋಣೆಗಳು ಕಡಿಮೆ. ಒಂದೇ ದೊಡ್ಡ ಹಾಲ್‌ನ ನಡುವೆ ಎರಡು ಕಬ್ಬಿಣದ ಕಪಾಟು ನಿಲ್ಲಿಸಿದ್ದರು. ಈಚೆ ನನ್ನ ವರ್ಗ, ಆಚೆ ಅವರದು. ಮಕ್ಕಳ ಕಣ್ಣಿಗೆ ಮರೆ, ಕಿವಿಗೆ ಏನೂ ಮರೆಯಿಲ್ಲ. ನನಗೆ ಮಾತ್ರ ಕಪಾಟುಗಳ ಸಂದಿಯಲ್ಲಿ ಅವರ ಮೇಜೂ ಬಾಗಿಲೂ ಕಾಣುತ್ತಿದ್ದವು.

ಅವರು ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಹಟ್ಟಿಗೆ ಕುರಿ ಬಿಟ್ಟುಕೊಳ್ಳುವವರ ಹಾಗೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಇಬ್ಬಿಬ್ಬರಾಗಿ ಒಳಗೆ ಬಿಡುತ್ತಿದ್ದರು. ಕಡೆಯವನು ಒಳಗೆ ಬಂದ ಕೂಡಲೇ, “ಯಲ್ಲವ್ವ ಬಂದಿಲ್ಲ. ನಿನ್ನೇನ ಕೆಮ್ಮಾಕತ್ತಿದ್ಲು. ಯಾರರ ಮನೀಗಿ ಹೋಗಿ ನೋಡಿ ಬರ್ರಿ” ಅನ್ನುತ್ತಿದ್ದರು. ನಾನು ಒಂದೊಂದೇ ಹೆಸರು ಕೂಗಿ, ಗುರುತು ಹಾಕಿ, ಆಮೇಲೂ ಇಬ್ಬರನ್ನು ತಪ್ಪಿಸುತ್ತಿದ್ದೆ. ಗಣಿತದ ಅಕ್ಕೋರು ಬೇರೆ! ಮೈ ಉರಿಯದೆ ಇನ್ನೇನಾಗುತ್ತದೆ?

ಹಾಜರಿ ಹಾಳಾಗಿ ಹೋಗಲಿ. ನನ್ನನ್ನು ಸುಟ್ಟದ್ದು ಆ ನಗು. ಯಾರಾದರೂ ತಡವಾಗಿ ಬಂದರೆ ಅವರು ಬೈಯುತ್ತಿರಲಿಲ್ಲ. ಓದುತ್ತಿದ್ದ ಪುಸ್ತಕದಿಂದ ತಲೆ ಕೂಡ ಎತ್ತದೆ, ಮೆಲ್ಲಗೆ, “ಬರ್ರಿ ಸಾಹೇಬ್ರ. ನಿಮ್ಮ ಸಲುವಾಗಿ ಪಾಣಿಪತ್ ಯುದ್ಧ ನಿಲ್ಲಿಸಿ ಇಟ್ಟೇನಿ” ಅನ್ನುತ್ತಿದ್ದರು. ಆಮೇಲೆ ಸುಮ್ಮನಾಗಿ, ಕೈಯಲ್ಲಿದ್ದ ಸೀಮೆಸುಣ್ಣದ ಖಡುವಿನಿಂದ ಕನ್ನಡಕ ಮೇಲಕ್ಕೆ ತಳ್ಳುತ್ತಿದ್ದರು. ಮೂಗಿನ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು. ಆಮೇಲೆ, “ಆನಿಗೋಳ ಕಾಲು ನೋಯಾಕತ್ತಾವು. ಲಗೂನ ಕೂಡ್ರಿ.”

ನಲವತ್ತು ಮಕ್ಕಳು ಒಮ್ಮೆಲೇ ನಕ್ಕರೆ ಕಪಾಟಿನ ಬಾಗಿಲು ಗಡಗಡ ಅನ್ನುತ್ತಿತ್ತು. ಈಚೆ ನನ್ನ ಮಕ್ಕಳು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದರು. “ಲಾಭ-ನಷ್ಟದ ಲೆಕ್ಕದಾಗ ನಗೂದೇನೈತಿ?” ಎಂದು ನಾನು ಉಂಗುರದಿಂದ ಮೇಜು ಕುಟ್ಟಿ ಬೆತ್ತ ತೆಗೆಯುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತಿತ್ತು ನನ್ನ ಮಕ್ಕಳ ಪಾಡು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಾನೂ ಒಮ್ಮೆ ನಗಿಸಲು ನೋಡಿದೆ. ವಾರಪತ್ರಿಕೆಯ ಒಂದು ನಗೆಹನಿಯನ್ನು ಕನ್ನಡಿ ಮುಂದೆ ಮೂರು ಸಲ ಹೇಳಿ ನೋಡಿ, ವರ್ಗದಲ್ಲಿ ಹೇಳಿದೆ. ಯಾರೂ ಮಿಸುಕಲಿಲ್ಲ. ಪರಮಾನಂದ ಎಂಬ ಜಾಣ ಹುಡುಗ ಅದನ್ನು ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎದ್ದು ನಿಂತು, “ಅಕ್ಕೋರ, ಇದು ಪರೀಕ್ಷಾಕ್ಕ ಬರ್ತೈತೇನ್ರಿ?” ಎಂದು ಕೇಳಿದ. ಅಂದೇ ಕೈಬಿಟ್ಟೆ.

ಈಗ ನಮ್ಮ ಕಡೆ ಗುರುವಂದನೆಯ ಹುಚ್ಚು ಹಿಡಿದಿದೆ. ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ಹಳೆಯ ವಿದ್ಯಾರ್ಥಿಗಳು ಪೆಂಡಾಲು ಹಾಕಿ ತಮ್ಮ ಮಾಸ್ತರರನ್ನು ಕರೆಸುತ್ತಾರೆ. ಶಾಲು, ಹಣ್ಣು, ಭಾಷಣ. ಅದು ಮುಗಿದ ಮೇಲೆ ನಿಜವಾದ ಕಾರ್ಯಕ್ರಮ: ಒಬ್ಬೊಬ್ಬ ಮಾಸ್ತರರ ಅಣಕು. ನಡಿಗೆ, ಕೆಮ್ಮು, ಬೈಗುಳ ಎಲ್ಲ. ಯಾರ ಅಣಕು ಮಾಡುವುದಿಲ್ಲವೋ ಅವರು ಮಕ್ಕಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಂಥ ಮೂರು ಗುರುವಂದನೆಗೆ ಹೋಗಿ ಬಂದೆ. ಮೂರರಲ್ಲೂ ಮಾಳಿಂಗಪ್ಪನ ಅಣಕು. ಒಂದರಲ್ಲೂ ನನ್ನದಿಲ್ಲ. ಸತ್ತ ಮನುಷ್ಯ ಮೈಕಿನಲ್ಲಿ ಮಾತಾಡುತ್ತಾನೆ, ಜೀವಂತ ಇರುವ ನಾನು ಬಾಳೆಹಣ್ಣು ಹಿಡಿದುಕೊಂಡು ಕೂತಿರಬೇಕು!

ಈ ಫೆಬ್ರುವರಿಯಲ್ಲಿ ನಾಲ್ಕನೆಯದು ಬಂತು. ಈ ಸಲವಾದರೂ ಯಾರಾದರೂ ನನ್ನ ಅಣಕು ಮಾಡಲೇಬೇಕು ಅನ್ನಿಸಿತು. ನೆನಪಾಗಲಿ ಎಂದು ಹಳೆಯ ದಪ್ಪ ಚೌಕಟ್ಟಿನ ಕನ್ನಡಕವನ್ನೇ ಹುಡುಕಿ ಹಾಕಿಕೊಂಡು ಹೋದೆ. ಅದರಲ್ಲಿ ಈಗ ನನಗೆ ಸರಿಯಾಗಿ ಕಾಣುವುದೂ ಇಲ್ಲ.

ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಮಾಳಿಂಗಪ್ಪನ ಹೆಂಡತಿ ರೇವವ್ವ. ಗಂಡನ ಪಾಲಿನ ಶಾಲು ತೆಗೆದುಕೊಳ್ಳಲು ಅಗರಖೇಡದಿಂದ ಕರೆಸಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದವರು, ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಅಣಕು ಶುರುವಾಯಿತು. ಮೈಕು ಹಿಡಿದಿದ್ದ ರಾಜಶ್ರೀ, ನನ್ನ ವರ್ಗದಲ್ಲೇ ಕಲಿತವಳು, ಈಗ ತಾನೂ ಒಬ್ಬ ಶಿಕ್ಷಕಿ, ಮೊದಲು ನನ್ನ ಹೆಸರನ್ನೇ ಕೂಗಿದಳು. “ರುಕ್ಮವ್ವ ಅಕ್ಕೋರ್ದು ಯಾರು ಮಾಡ್ತೀರಿ?”

ನಾನು ದಪ್ಪ ಕನ್ನಡಕವನ್ನು ಎಲ್ಲರಿಗೂ ಕಾಣುವ ಹಾಗೆ ಸರಿಮಾಡಿಕೊಂಡೆ. ಎದುರಿಗೆ ಕೂತ ನಲವತ್ತರ ಗಂಡಸರು, ಹೆಂಗಸರು ಒಮ್ಮೆಲೇ ನೆಟ್ಟಗಾಗಿ ಕೈಕಟ್ಟಿ ಕೂತರು. ಯಾರೋ ಹಿಂದಿನಿಂದ, “ಅಕ್ಕೋರ್ದು ಬ್ಯಾಡ್ರಿ, ಇನ್ನೂ ಅಂಜಿಕಿ ಬರ್ತೈತಿ” ಅಂದರು. ಚಪ್ಪಾಳೆ ತಟ್ಟಿದರು. ಅಲ್ಲಿಗೆ ನನ್ನದು ಮುಗಿಯಿತು.

ಮುಂದೆ ಮಾಳಿಂಗಪ್ಪನದು. ಜಹೀರ ಎದ್ದು ಬಂದ, ಎರಡು ಟ್ರ್ಯಾಕ್ಟರಿನ ಮಾಲೀಕ. ಎದೆ ಉಬ್ಬಿಸಿ, ಕಣ್ಣು ಅರಳಿಸಿ, ನಾಟಕದ ದುರ್ಯೋಧನನ ಹಾಗೆ ಒದರಿದ. “ಬರ್ರಿ ಸಾಹೇಬ್ರ! ಪಾಣಿಪತ್ ಯುದ್ಧ ನಿಲ್ಲಿಸೇನಿ! ಆನಿ ಕಾಲು ನೋಯಾಕತ್ತಾವು!” ಪೆಂಡಾಲು ಬಿದ್ದು ಬಿದ್ದು ನಕ್ಕಿತು.

ರೇವವ್ವ ನಗಲಿಲ್ಲ. ನನ್ನ ಕಡೆ ಬಾಗಿ ಕೇಳಿದರು, “ಅಕ್ಕೋರ, ಅವರು ಸಾಲ್ಯಾಗ ಹಿಂಗ ಒದರಾಡ್ತಿದ್ರೇನ್ರಿ?”

“ಇಲ್ರಿ.”

“ಮನ್ಯಾಗಂತೂ ಬಾಯೇ ಬಿಡ್ತಿರ್ಲಿಲ್ಲ. ಬಂದ್ರು, ಉಂಡ್ರು, ಮಲಗಿದ್ರು. ಮೂವತ್ತೆಂಟು ವರ್ಷದಾಗ ಒಂದಿನಾನೂ ನನ್ನ ನಗಿಸ್ಲಿಲ್ರಿ. ಇದ್ದ ನಗು ಎಲ್ಲಾ ಈ ಹುಡುಗ್ರಿಗೇ ಕೊಟ್ಟು ಬರ್ತಿದ್ರು. ನೋಡಿದ್ರ ಹೊಟ್ಟಿ ಉರೀತೈತಿ.”

ನಾನು ಅವರ ಮುಖ ನೋಡಿದೆ. ಆ ಉರಿ ನನಗೆ ಚೆನ್ನಾಗಿ ಗೊತ್ತಿತ್ತು. ಜೊತೆಗೆ ಜಹೀರನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಕೇಳಿದ್ದು ಹತ್ತೊಂಬತ್ತು ವರ್ಷ ನಾನು, ಅಣಕಿಸುವವನು ಇವನು, ಅದೂ ತಪ್ಪು ತಪ್ಪಾಗಿ!

ಎದ್ದೆ. ಮೈಕು ಕಸಿದುಕೊಂಡು ಉಂಗುರದ ಬೆರಳಿನಿಂದ ಮೂರು ಸಲ ಕುಟ್ಟಿದೆ. ಟಕ್, ಟಕ್, ಟಕ್.

“ಜಹೀರ, ತಪ್ಪು. ಕೂಡು.”

ಕೂತ, ಪಾಪ, ವೇದಿಕೆಯ ನೆಲದ ಮೇಲೆಯೇ.

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನನಗೆ ಕೊಟ್ಟ ಶಾಲಿನ ಪೆಟ್ಟಿಗೆಯನ್ನು ಪುಸ್ತಕದಂತೆ ಹಿಡಿದು ತಲೆ ತಗ್ಗಿಸಿದೆ. ಮೆಲ್ಲಗೆ ಹೇಳಿದೆ, “ಬರ್ರಿ ಸಾಹೇಬ್ರ. ನಿಮ್ಮ ಸಲುವಾಗಿ ಪಾಣಿಪತ್ ಯುದ್ಧ ನಿಲ್ಲಿಸಿ ಇಟ್ಟೇನಿ.” ಖಡು ಇರಲಿಲ್ಲ, ಬಾಳೆಹಣ್ಣಿನ ತುದಿಯಿಂದ ಕನ್ನಡಕ ಮೇಲಕ್ಕೆ ತಳ್ಳಿದೆ. ಒಂದು. ಎರಡು. ಮೂರು. ನಾಲ್ಕು. “ಆನಿಗೋಳ ಕಾಲು ನೋಯಾಕತ್ತಾವು. ಲಗೂನ ಕೂಡ್ರಿ.”

ಮೊದಲು ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ “ಯಪ್ಪಾ, ಸರೇ ಬಂದ್ರು” ಅಂದರು. ಆಮೇಲೆ ನಗು ಬಂತು ನೋಡಿ! ಹತ್ತೊಂಬತ್ತು ವರ್ಷ ಕಪಾಟಿನ ಆಚೆಯಿಂದ ಕೇಳಿದ ಅದೇ ನಗು, ಈಗ ನನ್ನ ಎದುರಿಗೆ. ತಿರುಗಿ ನೋಡಿದರೆ ರೇವವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು. “ಇನ್ನೊಮ್ಮೆ ಅನ್ರಿ ಅಕ್ಕೋರ” ಅಂದರು. ಅಂದೆ. ಮತ್ತೂ ಅಂದೆ.

ಕುರ್ಚಿಗೆ ಮರಳಿದಾಗ ಖುಷಿ ಅರ್ಧ ಇಳಿದುಹೋಗಿತ್ತು. ನಕ್ಕದ್ದು ಅವರ ಮಾತಿಗೆ, ಕುಣಿದದ್ದು ಮಾತ್ರ ನಾನು. ಸತ್ತ ಮೇಲೂ ಗೆದ್ದನಲ್ಲ ಈ ಕುರಿ ಕಾಯುವವನು ಎಂದು ಹಳೆಯ ಕಿಚ್ಚು ಮತ್ತೆ ಹತ್ತಿಕೊಂಡಿತು.

ಊಟಕ್ಕೆ ರೇವವ್ವನ ಜೊತೆ ಪೆಂಡಾಲಿನ ಪರದೆಗೆ ಬೆನ್ನು ಮಾಡಿ ಕೂತೆ. ಗೋಧಿ ಹುಗ್ಗಿ ಬಡಿಸಿದ್ದರು. ಪರದೆಯ ಆಚೆ ಕೈತೊಳೆಯುವ ಗುಂಪು, ಗದ್ದಲ. ಅದರ ನಡುವೆ ತಂಬಿಗೆಗೆ ಉಂಗುರ ಕುಟ್ಟಿದ ಸದ್ದು. ಟಕ್, ಟಕ್, ಟಕ್. ಹಿಂದೆಯೇ ರಾಜಶ್ರೀಯ ಗಂಟಲಿನಲ್ಲಿ ಒಂದು ತೆಳ್ಳಗಿನ, ಖಾರದ ದನಿ:

“ಜಹೀರ, ತಪ್ಪು. ಕೂಡು. ಲಾಭ-ನಷ್ಟದ ಲೆಕ್ಕದಾಗ ನಗೂದೇನೈತಿ?”

ಪರದೆ ಅಲ್ಲಾಡುವ ಹಾಗೆ ನಕ್ಕರು. ನನ್ನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು.

ರೇವವ್ವ ಕಿವಿಗೊಟ್ಟು ಕೇಳಿದರು. “ಇದು ಯಾರ್ದು ಅಣಕು ಮಾಡಾಕತ್ತಾರ್ರಿ? ನಮ್ಮವರದಲ್ಲ ಇದು.”

“ಅಲ್ರಿ” ಅಂದೆ. “ಇದು ನಂದು.”